ಎರಡನೇ ಹಗ್ಗ ಕೊನೆಗೂ ಗೆದ್ದಿತು

ಹೆಣ್ಣೂರು ಕಡೆ 11 ಮಹಡಿಯ ಅಪಾರ್ಟ್‌ಮೆಂಟಿಗೆ ಹೊರಗೋಡೆ ಪೇಂಟಿಂಗ್ ಹಿಡಿದಿದ್ದೆ. ಗೋಡೆ ಪಕ್ಕ ತೂಗುಬಿಟ್ಟು ಕೆಲಸ ಮಾಡುವ ಜೂಲಾದ ಹಗ್ಗವೇ ಬೇರೆ, ಬಿದ್ದರೆ ಆಳನ್ನು ಹಿಡಿಯುವ ಜೀವದ ಹಗ್ಗವೇ ಬೇರೆ, ಎರಡನ್ನೂ ಒಂದೇ ಕಡೆ ಕಟ್ಟಕೂಡದು ಅಂದೆ. "ಅಣ್ಣಾ, ಎರಡೆರಡು ಹಗ್ಗ ಎಳಕೊಂಡು ಕೂತ್ರೆ ದಿನಕ್ಕೆ ಅರ್ಧ ಗೋಡೆನೂ ಮುಗಿಯಲ್ಲ" ಅಂದ ನಮ್ಮ ಮೇಸ್ತ್ರಿ. ಪರಿಚಯದ ಕಂಟ್ರಾಕ್ಟರ್‌ಗಳೂ ನಕ್ಕರು. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ಸುಮ್ಮನೆ ಆಗಲಿಲ್ಲ. ಹಾರ್ನೆಸ್, ಅಂದರೆ ಮೈಗೆ ಬಿಗಿಯುವ ಸುರಕ್ಷತೆಯ ಪಟ್ಟಿ, ತೊಟ್ಟು ಜೂಲಾದ ಹಗ್ಗಕ್ಕೇ ಕೊಂಡಿ ಹಾಕುವುದನ್ನು ನಾವೂ ವರ್ಷಗಟ್ಟಲೆ ಮಾಡಿದವರೇ. ಆ ಹಗ್ಗ ಹೋದರೆ ಹಾರ್ನೆಸ್ ಇದ್ದೂ ಇಲ್ಲದ ಹಾಗೆ. ಮೊದಲು ಜೀವದ ಹಗ್ಗವನ್ನು ತಾರಸಿಯ ಸೋಲಾರ್ ಸ್ಟ್ಯಾಂಡಿಗೆ ಕಟ್ಟಿ, ಅದರ ತುದಿಗೆ ಬಿಗಿದ 100 ಕೆಜಿ ಮರಳಿನ ಮೂಟೆ ಕೆಳಗೆ ತಳ್ಳಿದೆವು. ಸ್ಟ್ಯಾಂಡಿನ ಕಬ್ಬಿಣದ ಪಟ್ಟಿ ಬಗ್ಗಿ, ಮೂಟೆ ನೆಲಕ್ಕೆ ಬಿದ್ದು ಒಡೆಯಿತು. ಎರಡನೇ ಸಲ ನೀರಿನ ಟ್ಯಾಂಕಿನ ಕಂಬಕ್ಕೆ ಕಟ್ಟಿದೆ. ಕಂಬ ಮಿಸುಕಲಿಲ್ಲ. ಆದರೆ ತಾರಸಿಯ ಮೋಟುಗೋಡೆಯ ಅಂಚು 11 ಮಿಮೀ ಹಗ್ಗದ ಮೇಲ್ಸಿಪ್ಪೆಯನ್ನು ಕತ್ತರಿಸಿ, ಒಳಗಿನ ಬಿಳಿ ಎಳೆಗಳು ಹೂವಿನ ಕೇಸರದಂತೆ ಹೊರಬಂದಿದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಂಕಿ ಆರಿಸುವ ಹಳೆ ಪೈಪಿನ (ಫೈರ್ ಹೋಸ್) ತುಂಡಿನೊಳಗೆ ಹಗ್ಗ ತೂರಿಸಿ ಅಂಚಿನ ಮೇಲೆ ಕೂರಿಸಿದ ಮೇಲೆ ಹತ್ತು ಸಲ ತಳ್ಳಿದರೂ ಹಗ್ಗಕ್ಕೆ ಗೀರು ಬೀಳಲಿಲ್ಲ. ಹೋಸ್ ಜಾರದಂತೆ ಹೇಗೆ ಬಿಗಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದು ನಮ್ಮ ತಂಡದ ಕಸುಬು.

ಈ ಸಾಮಾನಿನ ಖರ್ಚು ಒಬ್ಬೊಬ್ಬರಿಗೆ ಏಳೆಂಟು ಸಾವಿರ ಬಿತ್ತು. ಆರು ಜನರ ಲೆಕ್ಕಕ್ಕೆ ಆ ಕೆಲಸದ ಲಾಭದಲ್ಲಿ ಮೂರನೇ ಒಂದು ಪಾಲು ಹೋಯಿತು. ಹಾರ್ನೆಸ್‌ನ ತೊಡೆಪಟ್ಟಿ ಉಜ್ಜುತ್ತೆ ಅಂತ ಹುಡುಗರು ಸಡಿಲ ಬಿಡುತ್ತಿದ್ದರು. ಒಳಗೆ ದಪ್ಪ ಕಾಟನ್ ಪಟ್ಟಿ ಹೊಲಿಸಿ ಕೊಟ್ಟೆ.

ಮಧ್ಯೆ ಇನ್ನೊಂದು ಲೆಕ್ಕ ಹಾಕಿದೆ. ಹಾರ್ನೆಸ್‌ಗೆ ಕಟ್ಟುವ 2 ಮೀಟರ್ ಗಿಡ್ಡ ಹಗ್ಗವನ್ನು (ಲ್ಯಾನ್ಯಾರ್ಡ್) ಕಾಲಬಳಿ ಸಿಕ್ಕಿಸಿದರೆ, ಬೀಳುವಾಗ ಜರ್ಕ್ ತಡೆಯುವ ಅದರ ಮಡಿಕೆ ಪಟ್ಟಿ (ಶಾಕ್ ಅಬ್ಸಾರ್ಬರ್) ಬಿಚ್ಚಿ, ಆಳಿನ ಉದ್ದವೂ ಸೇರಿ, ಕೆಳಗೆ 6 ಮೀಟರಿಗೂ ಹೆಚ್ಚು ಖಾಲಿ ಬೇಕು. ಹಾಗೆ ಸಿಕ್ಕಿಸಿದರೆ ಮೊದಲ ಮಹಡಿಯಲ್ಲಿ ಹಾರ್ನೆಸ್ ಹಾಕಿದವನೂ ನೆಲಕ್ಕೇ ಬಡಿಯುತ್ತಾನೆ. ಕಡಿಮೆ ಎತ್ತರವೇ ಹೆಚ್ಚು ಮೋಸ.

ಆಷಾಢದ ಗಾಳಿಯಲ್ಲಿ ಜೂಲಾದ ಒಂದು ಬದಿಯ ಗಂಟು ಜಾರಿತು. ರಾಯಚೂರಿನ ಹುಡುಗ ಒಂದು ಮೊಳ ಕೆಳಗೆ ಬಿದ್ದು, ಜೀವದ ಹಗ್ಗವನ್ನು ಕಚ್ಚಿ ಹಿಡಿಯುವ ಕೊಂಡಿ (ರೋಪ್ ಗ್ರಾಬ್) ಕಚ್ಚಿಕೊಂಡು ನಿಂತ. ನೇತಾಡುತ್ತಾ ಇದ್ದರೆ ರಕ್ತ ಕಾಲಿಗಿಳಿಯುತ್ತೆ ಅಂತ ಮೊದಲೇ ಇಳಿಸುವ ಅಭ್ಯಾಸ ಮಾಡಿಸಿದ್ದೆ. ಆರೇಳು ನಿಮಿಷದಲ್ಲಿ ನೆಲ ಮುಟ್ಟಿಸಿದೆವು.

ಗ್ರಾಬಿನ ಬಾಣದ ಗುರುತು ಮೇಲಕ್ಕಿದೆಯಾ, ಹಲ್ಲಿನಲ್ಲಿ ಪೇಂಟ್ ಮೆತ್ತಿದೆಯಾ ಅಂತ ನೋಡದೆ ಈಗ ಮೇಸ್ತ್ರಿಯೇ ಯಾರನ್ನೂ ಗೋಡೆಗೆ ಇಳಿಸುವುದಿಲ್ಲ.