ಆಕ್ಸೆಸ್‌ನಲ್ಲಿ ಮಾಸ್ಕ್ ಒಂದೇ ಸಾಲದು, ರೂಲ್ ಕೂಡ ಹಾಕಿ

ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶ ಬಳಸುವವರಿಗೆ ಒಂದು ಸಲಹೆ. ಟೆಕ್ಸ್ಟ್ ಫೀಲ್ಡ್‌ನ ಫಾರ್ಮ್ಯಾಟ್‌ನಲ್ಲಿ > ಚಿಹ್ನೆ ಹಾಕಿದರೆ ಇಂಗ್ಲಿಷ್ ಅಕ್ಷರಗಳೆಲ್ಲ ಕ್ಯಾಪಿಟಲ್ ಆಗಿ ಕಾಣುತ್ತವೆ. ಕಾಣುವುದಷ್ಟೇ! ಟೇಬಲ್‌ನಲ್ಲಿ ಉಳಿಯುವುದು ನೀವು ಟೈಪ್ ಮಾಡಿದ್ದೇ.

ಟೈಪ್ ಮಾಡುವಾಗಲೇ ಹಿಡಿತ ಬೇಕು ಅಂದ್ರೆ ಇನ್‌ಪುಟ್ ಮಾಸ್ಕ್ (ಯಾವ ಜಾಗದಲ್ಲಿ ಏನು ಟೈಪ್ ಮಾಡಬಹುದು ಅಂತ ಹೇಳುವ ಮಾದರಿ) ಬಳಸಿ. ಅದರಲ್ಲಿ 0 ಅಂದ್ರೆ ಅಲ್ಲಿ ಅಂಕಿ ಕಡ್ಡಾಯ, 9 ಅಂದ್ರೆ ಇದ್ದರೂ ಸರಿ, ಬಿಟ್ಟರೂ ಸರಿ. ಉದಾಹರಣೆಗೆ 0000-0000;0;_ ಅಂತ ಕೊಟ್ಟರೆ ಎಂಟು ಅಂಕಿ ತುಂಬಲೇಬೇಕು. ಜಾಸ್ತಿ ಜನ ಗಮನಿಸದೆ ಬಿಡುವುದು ನಡುವಿನ ಆ ;0 ಭಾಗವನ್ನು. ಅದು ಇದ್ದರೆ ಅಂಕಿಗಳ ನಡುವಿನ ಗೆರೆಯೂ (-) ಸೇವ್ ಆಗುತ್ತದೆ. ಅಲ್ಲಿ 1 ಇದ್ದರೆ, ಇಲ್ಲವೇ ಖಾಲಿ ಬಿಟ್ಟರೆ, ಬರೀ ಅಂಕಿಗಳು ಉಳಿಯುತ್ತವೆ. ಆಮೇಲೆ ಗೆರೆ ಹಾಕಿ ಕ್ವೆರಿಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಗೆರೆ ಸೇವ್ ಮಾಡುವುದಾದರೆ ಫೀಲ್ಡ್ ಸೈಜ್ 9 ಇರಲಿ, 8 ಸಾಲದು.

ಮಾಸ್ಕ್ ಕಾಯುವುದು ಕೈಯಿಂದ ಟೈಪ್ ಮಾಡಿದ್ದನ್ನು ಮಾತ್ರ. ಎಕ್ಸೆಲ್‌ನಿಂದ ಇಂಪೋರ್ಟ್ ಮಾಡಿದ್ದು ಸಲೀಸಾಗಿ ಒಳಗೆ ಬಂದುಬಿಡುತ್ತದೆ. ಅದಕ್ಕೇ ವ್ಯಾಲಿಡೇಶನ್ ರೂಲ್ (ಹೊಂದದ ಮಾಹಿತಿಯನ್ನು ತಡೆಯುವ ನಿಯಮ) ಕೂಡ ಬೇಕು: ಲೈಕ್ (Like) ಆಪರೇಟರ್ ಜೊತೆ "####-####" ಕೊಡಿ. ಇಲ್ಲಿ # ಅಂದ್ರೆ ಒಂದು ಅಂಕಿ. ಆದರೆ ಮಾಸ್ಕ್ ಗೆರೆ ಉಳಿಸದೆ ರೂಲ್ ಮಾತ್ರ ಗೆರೆ ಕೇಳಿದರೆ ಒಂದು ಎಂಟ್ರಿಯೂ ಸೇವ್ ಆಗುವುದಿಲ್ಲ, ಕಾರಣವೂ ಸುಲಭವಾಗಿ ಹೊಳೆಯುವುದಿಲ್ಲ. ಎರಡೂ ಹೊಂದುತ್ತವೆಯೇ ನೋಡಿಕೊಳ್ಳಿ.

ರೂಲ್ ಮುರಿದಾಗ ಕಾಣುವ ಸಂದೇಶ, ಅಂದ್ರೆ ವ್ಯಾಲಿಡೇಶನ್ ಟೆಕ್ಸ್ಟ್‌ನಲ್ಲಿ ಸುಮ್ನೆ "ತಪ್ಪು" ಅಂತ ಬರೆಯಬೇಡಿ. "1234-5678 ರೀತಿ ಬರೆಯಿರಿ" ಅಂದರೆ ತುಂಬುವವರಿಗೆ ಅರ್ಥವಾಗುತ್ತದೆ, ಅಲ್ವಾ?