ದಮ್ಮು ಇಲ್ಲದ ದಿನವೂ ಇನ್ಹೇಲರ್ ಬಿಡದಿರುವುದು ಹೇಗೆ?

ಅಸ್ತಮಾದಲ್ಲಿ ದಮ್ಮು ಬಂದಾಗ ಸಾಲ್ಬುಟಮಾಲ್ (ತಕ್ಷಣ ಉಸಿರು ಸಡಿಲಿಸುವ ಇನ್ಹೇಲರ್) ಎಳೆದರೆ ಐದೇ ನಿಮಿಷಕ್ಕೆ ಎದೆ ಹಗುರಾಗುತ್ತದೆ. ದಿನವೂ ಎಳೆಯಬೇಕಾದ ಸ್ಟೀರಾಯ್ಡ್ ಇನ್ಹೇಲರ್ ಹಾಗಲ್ಲ. ಶ್ವಾಸನಾಳದ ಊತ ನಿಧಾನವಾಗಿ, ವಾರಗಟ್ಟಲೆ ಇಳಿಯುತ್ತದೆ. ಬಿಟ್ಟ ಮರುದಿನವೂ ಏನೂ ಆದಂತೆ ಅನಿಸುವುದಿಲ್ಲ. ಹಾಗಾಗಿ ಜನ ಬಿಡುವುದು ಇದನ್ನೇ, ಅದೂ ಆರಾಮಾಗಿರುವಾಗ.

ಎಷ್ಟು ತಪ್ಪುತ್ತಿದೆ ಎಂದು ಮೊದಲು ಲೆಕ್ಕ ಹಾಕಿ. 120 ಪಫ್‌ನ ಡಬ್ಬಿ, ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದರೆ 30 ದಿನಕ್ಕೆ ಮುಗಿಯಬೇಕು. ಉಳಿದ ಪಫ್ ಎಷ್ಟೆಂದು ತೋರಿಸುವ ಕೌಂಟರ್ ಇಲ್ಲದಿದ್ದರೆ ಶುರು ಮಾಡಿದ ತಾರೀಕನ್ನು ಡಬ್ಬಿಯ ಮೇಲೆ ಬರೆಯಿರಿ. ಅಲುಗಾಡಿಸಿ ನೋಡುವುದು, ನೀರಿನಲ್ಲಿ ತೇಲಿಸುವುದು ನಂಬಿಕೆಗೆ ಅರ್ಹವಲ್ಲ: ಔಷಧಿ ಮುಗಿದ ಮೇಲೂ ಗಾಳಿ ಚಿಮ್ಮುತ್ತಲೇ ಇರುತ್ತದೆ.

ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ ನಿಲ್ಲಿಸುವವರೂ ಇದ್ದಾರೆ. ಇನ್ಹೇಲರ್‌ನ ದಿನದ ಪ್ರಮಾಣ ಮೈಕ್ರೋಗ್ರಾಂಗಳಲ್ಲಿ, ಹೆಚ್ಚಾಗಿ ಕೆಲವು ನೂರು. ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ದಮ್ಮು ಜೋರಾದಾಗ ದೊಡ್ಡವರಿಗೆ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ ಆದೀತು, ಅದು ಮೈಯೆಲ್ಲ ಸುತ್ತುತ್ತದೆ. ಸಣ್ಣದಕ್ಕೆ ಹೆದರಿದವರಿಗೇ ದೊಡ್ಡದು ಬೇಕಾಗುವುದು.

ಬಾಯಿಯಲ್ಲಿ ಬಿಳಿ ಪದರ, ದನಿ ಒಡೆಯುವುದು ಮಾತ್ರ ನಿಜವಾದ ತೊಂದರೆಗಳೇ. ಸ್ಪ್ರೇ ಇನ್ಹೇಲರ್ ಆದರೆ ಸ್ಪೇಸರ್ (ಅದಕ್ಕೆ ಜೋಡಿಸುವ ಕೊಳವೆ) ಹಾಕಿ ಎಳೆಯಿರಿ, ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಹಲ್ಲುಜ್ಜುವ ಮೊದಲು ಎಳೆಯುವ ರೂಢಿ ಮಾಡಿಕೊಂಡರೆ ಮರೆವಿಗೂ ಇದೇ ಮದ್ದು. ಪುಡಿಯ ಇನ್ಹೇಲರನ್ನು ಮಾತ್ರ ಬಚ್ಚಲುಮನೆಯಲ್ಲಿ ಇಡಬೇಡಿ, ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ.

ತಪ್ಪದೆ ತೆಗೆದುಕೊಂಡರೂ ಗುಣ ಕಾಣದಿದ್ದರೆ ಎಳೆಯುವ ರೀತಿ ನೋಡಿ. ಸ್ಪ್ರೇ ಇನ್ಹೇಲರ್ ಆದರೆ ಕುಲುಕಿ, ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿಹಿಡಿದು, ಉಸಿರೆಳೆಯಲು ಶುರು ಮಾಡುತ್ತಲೇ ಒತ್ತಿ. ಮೂರರಿಂದ ಐದು ಸೆಕೆಂಡು ನಿಧಾನವಾಗಿ ಎಳೆದು, ಹತ್ತು ಸೆಕೆಂಡು ಹಿಡಿದಿಡಿ. ಎರಡನೆಯ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ. ಪುಡಿಯದಾದರೆ ಇದಕ್ಕೆ ತದ್ವಿರುದ್ಧ: ಜೋರಾಗಿ, ಆಳವಾಗಿ ಎಳೆಯಬೇಕು, ಅದರೊಳಗೆ ಉಸಿರು ಬಿಡಲೇಬಾರದು. ಒಂದರ ಅಭ್ಯಾಸ ಇನ್ನೊಂದಕ್ಕೆ ಬಂದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ.

ವಾರದಲ್ಲಿ ಎರಡಕ್ಕಿಂತ ಹೆಚ್ಚು ದಿನ ಸಾಲ್ಬುಟಮಾಲ್ ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ. ಅದನ್ನು ಎಳೆದರೂ ಉಸಿರು ಸರಿಹೋಗದೆ ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಡಾಕ್ಟರ ಹತ್ತಿರ ತಪ್ಪಿದ ದಿನಗಳ ಲೆಕ್ಕ ಮುಚ್ಚಿಡಬೇಡಿ. ನೀವು ಎಲ್ಲವನ್ನೂ ತೆಗೆದುಕೊಂಡಿದ್ದೀರಿ ಎಂದುಕೊಂಡು ಅವರು ಡೋಸ್ ಏರಿಸುತ್ತಾರೆ. ನಿಜ ಹೇಳಿದರೆ ದಿನಕ್ಕೆ ಒಂದೇ ಸಲದ ಔಷಧಿಗೋ, ಊತ ಇಳಿಸುವ, ದಮ್ಮು ಬಿಡಿಸುವ ಎರಡೂ ಕೆಲಸ ಮಾಡುವ ಒಂದೇ ಇನ್ಹೇಲರ್‌ಗೋ ಬದಲಾಯಿಸಬಹುದು.