ಡೀಲರ್ ಹೇಳಿದ ಏಳು ಕೆಲಸಗಳಲ್ಲಿ ನಾನು ಮಾಡಿಸಿದ್ದು ಎಷ್ಟು?

ಕಾರನ್ನು ಸರ್ವಿಸ್‌ಗೆ ಬಿಟ್ಟು ಎರಡು ಗಂಟೆಯಾಗಿತ್ತು. ಸರ್ವಿಸ್ ಅಡ್ವೈಸರ್ ಫೋನ್ ಮಾಡಿದರು. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಟ್ರೀಟ್‌ಮೆಂಟ್, ಬ್ರೇಕ್ ಆಯಿಲ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್, ವೀಲ್ ಅಲೈನ್‌ಮೆಂಟ್. ಒಂದೇ ಉಸಿರಿಗೆ ಏಳೂ ಹೇಳಿ, "ಮಾಡಿಬಿಡೋಣ್ವಾ ಸರ್?" ಎಂದರು.

ಹಿಂದಿನ ಸಲ ಹೀಗೇ ಕೇಳಿದಾಗ ಸಿಟ್ಟಿನಲ್ಲಿ ಎಲ್ಲವನ್ನೂ ಬೇಡ ಅಂದಿದ್ದೆ. ಅದಕ್ಕೂ ಹಿಂದಿನ ಸಲ ಸುಮ್ನೆ ಹೂಂ ಅಂದಿದ್ದೆ. ಈ ಸಲ ಅರ್ಧ ಗಂಟೆ ಟೈಮ್ ಕೇಳಿದೆ. ಕಾರಿನ ಮ್ಯಾನ್ಯುಯಲ್ ಕಂಪನಿಯ ವೆಬ್‌ಸೈಟ್‌ನಲ್ಲೇ ಸಿಕ್ಕಿತು. ಸರ್ವಿಸ್ ಪಟ್ಟಿ ಇರುವ ಪುಟ ತೆಗೆದು ಕೂತೆ.

ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಟ್ರೀಟ್‌ಮೆಂಟ್ ಮೂರೂ ಅದರಲ್ಲಿ ಇರಲಿಲ್ಲ. ಫ್ಲಶ್ ಅಂದರೆ ಎಂಜಿನ್ ಒಳಗಿನ ಕೊಳೆ ತೊಳೆಯುವುದು, ಇಂಜೆಕ್ಟರ್ ಅಂದರೆ ಎಂಜಿನ್‌ಗೆ ಇಂಧನ ಚಿಮ್ಮಿಸುವ ಭಾಗ. ಎಂಜಿನ್ ಆಯಿಲ್‌ನಲ್ಲೇ ಕೊಳೆ ತೆಗೆಯುವ ಅಂಶ ಇರುತ್ತದೆ, ಅದನ್ನು ನಾನು ಟೈಮ್‌ಗೆ ಸರಿಯಾಗಿ ಬದಲಿಸುತ್ತಿದ್ದೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು, ಮೈಲೇಜ್ ಇಳಿದಿರಲಿಲ್ಲ, ಎಸಿಯಲ್ಲಿ ವಾಸನೆ ಇರಲಿಲ್ಲ. ಮೂರನ್ನೂ ಬಿಟ್ಟೆ. ಕಾರು ಪಕ್ಕಕ್ಕೆ ಎಳೆಯುತ್ತಿರಲಿಲ್ಲ, ಟೈರ್ ಸಮನಾಗಿ ಸವೆದಿತ್ತು. ಅಲೈನ್‌ಮೆಂಟ್ ಕೂಡ ಬೇಡ ಅನಿಸಿತು.

ಬ್ರೇಕ್ ಆಯಿಲ್ ಹತ್ತಿರ ಬಂದಾಗ ಮಾತ್ರ ಎದೆ ಧಸಕ್ಕೆಂದಿತು. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಪಟ್ಟಿಯಲ್ಲೇ ಇತ್ತು. ನನ್ನ ಕಾರಿನಲ್ಲಿ ಮೂರು ವರ್ಷ ದಾಟಿತ್ತು. ಸಿಟ್ಟಿನಲ್ಲಿ ಬೇಡ ಅಂದಿದ್ದರಲ್ಲಿ ಇದೂ ಸೇರಿತ್ತು. ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕ್‌ಗೆ ತಲುಪಿಸುವ ಈ ಆಯಿಲ್ ಗಾಳಿಯ ತೇವವನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಅದೇ ದರ್ಜೆಗೆ ಇರುವ ಕನಿಷ್ಠ ಮಿತಿ 155 ಡಿಗ್ರಿ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಬಿಸಿ ಏರುತ್ತದೆ. ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ಕೆಳಗಿಳಿದುಬಿಡುತ್ತದೆ. ಅಲ್ಲಿಯವರೆಗೆ ಬ್ರೇಕ್ ಎಂದಿನ ಹಾಗೇ ಇರುತ್ತದೆ! ಮಕ್ಕಳನ್ನು ಕೂರಿಸಿಕೊಂಡು ಅಂಥ ಎಷ್ಟು ಇಳಿಜಾರು ಇಳಿದಿದ್ದೆನೋ.

ಅವತ್ತೇ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಕೆಲವು ಭಾಗಗಳು ಕೆಡುವ ಮುಂಚೆ ಹೇಳುತ್ತವೆ, ಕೆಲವು ಹೇಳುವುದಿಲ್ಲ. ಬಹಳ ಕಾರುಗಳಲ್ಲಿ ಬ್ರೇಕ್ ಪ್ಯಾಡ್ ಸವೆದರೆ ಕಿರ್ರೆನ್ನುತ್ತದೆ. ಹಾಗಾಗಿ ಅಂಥದ್ದಕ್ಕೆ ಕಾದು ನೋಡಬಹುದು. ಬ್ರೇಕ್ ಆಯಿಲ್ ಸದ್ದು ಮಾಡುವುದಿಲ್ಲ. ಎಂಜಿನ್‌ನ ವಾಲ್ವ್, ಪಿಸ್ಟನ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಕೂಡ ಎಷ್ಟೋ ಸಲ ಸುಳಿವೇ ಕೊಡದೆ ತುಂಡಾಗುತ್ತದೆ. ಆಗ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. "ಓಡ್ತಾ ಇದೆಯಲ್ಲ" ಅನ್ನುವ ಮಾತು ಇವಕ್ಕೆ ನಡೆಯುವುದಿಲ್ಲ. ಮ್ಯಾನ್ಯುಯಲ್‌ನ ಕಿಲೋಮೀಟರ್, ವರ್ಷ ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ.

ಮತ್ತೆ ಫೋನ್ ಮಾಡಿ ಪ್ಯಾಡ್ ಎಷ್ಟು ಎಂಎಂ ಉಳಿದಿದೆ ಅಂತ ಕೇಳಿದೆ. ಅವರು ಅಳತೆ ಮಾಡಿಸಿ 6 ಅಂದರು. ಹೊಸ ಪ್ಯಾಡ್ ಸುಮಾರು 10 ಎಂಎಂ ಇರುತ್ತದೆ, 3ರ ಹತ್ತಿರ ಬಂದಾಗ ಬದಲಿಸುತ್ತಾರೆ. ಮುಂದಿನ ಸರ್ವಿಸ್‌ನಲ್ಲಿ ಮತ್ತೆ ಅಳೆಯೋಣ ಅಂದೆ. ಏರ್ ಫಿಲ್ಟರ್ ಫೋಟೋ ಕಳಿಸಲು ಹೇಳಿದೆ. ಮಡಿಕೆಗಳ ತುಂಬ ಧೂಳು ಕೂತಿತ್ತು, ಬದಲಿಸಿ ಅಂದೆ. ಬೇಸರವಿಲ್ಲದೆ ಎರಡನ್ನೂ ಮಾಡಿಕೊಟ್ಟರು. ಅಳತೆ, ಫೋಟೋ ಕೇಳಲು ಸಂಕೋಚ ಯಾಕೆ? ದುಡ್ಡು ಕೊಡುವವರು ನಾವೇ ಅಲ್ವಾ?

ಹಿಂದೆ ಅವರು ಎಂಜಿನ್ ಆಯಿಲ್ ಬೇಗ ಬದಲಿಸಿ ಅಂದಾಗ ನನಗೆ ಅನುಮಾನ ಬಂದಿತ್ತು. ಆದರೆ ಧೂಳು, ಜಾಸ್ತಿ ಟ್ರಾಫಿಕ್, ಪುಟ್ಟ ಪುಟ್ಟ ಓಡಾಟ ಇದ್ದವರಿಗೆ ಮ್ಯಾನ್ಯುಯಲ್‌ನಲ್ಲಿ ಬೇರೆ ಲೆಕ್ಕವೇ ಇದೆ. ನನ್ನದು ದಿನಾ ಮೂರು ನಾಲ್ಕು ಕಿಲೋಮೀಟರ್ ಓಡಾಟ. ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆಯೇ ನಿಲ್ಲಿಸುತ್ತೇನೆ. ಆಯಿಲ್‌ಗೆ ಸೇರಿದ ತೇವ ಆರುವುದೇ ಇಲ್ಲ. ಆ ವಿಷಯದಲ್ಲಿ ಅವರು ಹೇಳಿದ್ದೇ ಸರಿ.

ಫೋನ್ ಇಡುವ ಮುಂಚೆ ಪಟ್ಟಿಯನ್ನು ಕೊನೆಯವರೆಗೂ ಓದಿದೆ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್ ಬದಲಿಸುವ ವರ್ಷವೂ ಬಂದಿತ್ತು. ಅವರ ಏಳು ಕೆಲಸಗಳಲ್ಲಿ ಅದು ಇರಲೇ ಇಲ್ಲ. ಬ್ರೇಕ್ ಆಯಿಲ್, ಏರ್ ಫಿಲ್ಟರ್ ಜೊತೆಗೆ ಅದನ್ನೂ ಸೇರಿಸಿ ಎಂದೆ.